ಜಾಹೀರಾತಿನಿಂದ ಜೆಮಿನಿಯವರೆಗೆ: ಎಸ್.ಎಸ್. ವಾಸನ್ ಅವರ ಉದ್ಯಮ ಪಥ

ಚಲನಚಿತ್ರವನ್ನು ಕಲೆಯೆಂದು ಚರ್ಚಿಸುವವರು ಅನೇಕರು. ಅದನ್ನು ಒಂದು ಸರಕೆಂದು, ಅಂದರೆ ಬಂಡವಾಳ ಹೂಡಿ, ಕಚ್ಚಾ ಸಾಮಗ್ರಿ ತರಿಸಿ, ನೂರಾರು ಜನರ ದುಡಿಮೆಯಿಂದ ತಯಾರಿಸಿ, ಊರೂರಿನ ಮಾರುಕಟ್ಟೆಗೆ ತಲುಪಿಸಿ, ಹಾಕಿದ ಹಣವನ್ನು ಬಡ್ಡಿ ಸಹಿತ ಹಿಂಪಡೆಯಬೇಕಾದ ಸರಕೆಂದು ನೋಡುವವರು ವಿರಳ. ತಮಿಳು ಚಿತ್ರರಂಗದಲ್ಲಿ ಈ ಎರಡನೆಯ ದೃಷ್ಟಿಯನ್ನು ಮೊದಲಿನಿಂದ ಕೊನೆಯವರೆಗೂ ಕೈಬಿಡದೆ ದುಡಿದವರು ನಿರ್ಮಾಪಕ ಹಾಗೂ ನಿರ್ದೇಶಕ ಎಸ್.ಎಸ್. ವಾಸನ್. ಮದರಾಸಿನ ಜೆಮಿನಿ ಸ್ಟುಡಿಯೋ ಅವರ ಸ್ಥಾಪನೆ. 1948ರ ‘ಚಂದ್ರಲೇಖಾ’ ಅವರ ಹೆಸರನ್ನು ಇಡೀ ದೇಶಕ್ಕೆ ಪರಿಚಯಿಸಿದ ಚಿತ್ರ.

ವಾಸನ್ ಅವರ ವೃತ್ತಿ ಜೀವನವು ವ್ಯಾಪಾರಸ್ಥರಿಗೂ ಸಣ್ಣ ತಯಾರಕರಿಗೂ ಮೂರು ಕಾರಣಗಳಿಂದ ಅಧ್ಯಯನಯೋಗ್ಯವಾಗಿದೆ. ಪಿತ್ರಾರ್ಜಿತ ಬಂಡವಾಳವಿಲ್ಲದ ಒಬ್ಬ ಯುವಕನು ಸ್ಟುಡಿಯೋ ಒಡೆತನದವರೆಗೆ ಬೆಳೆದ ಬಗೆ ಮೊದಲನೆಯದು. ತಮಿಳು ಮಾರುಕಟ್ಟೆ ಹಿಂದಿರುಗಿಸಲಾರದಷ್ಟು ಹಣವನ್ನು ಒಂದೇ ಚಿತ್ರದ ಮೇಲೆ ಸುರಿದು, ಅದನ್ನು ಮರಳಿ ಪಡೆದ ಬಗೆ ಎರಡನೆಯದು. ಅಷ್ಟು ದೊಡ್ಡ ಸ್ಟುಡಿಯೋ ಒಡೆಯನ ಮರಣಾನಂತರ ಹತ್ತು ವರ್ಷವೂ ಉಳಿಯದಿರಲು, ಅವರು ಅಗ್ಗಕ್ಕೆ ಕೊಂಡಿದ್ದ ಪತ್ರಿಕೆ ಮಾತ್ರ ಇಂದಿಗೂ ಪ್ರಕಟವಾಗುತ್ತಿರಲು ಕಾರಣಗಳೇನು ಎಂಬುದು ಮೂರನೆಯದು.

ಅಂಚೆ ವ್ಯಾಪಾರದಿಂದ ಪತ್ರಿಕೆಗೆ

ವಾಸನ್ ಜನಿಸಿದ್ದು 1904ರಲ್ಲಿ, ಅಂದಿನ ತಂಜಾವೂರು ಜಿಲ್ಲೆಯ ತಿರುತ್ತುರೈಪೂಂಡಿಯಲ್ಲಿ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರನ್ನು ತಾಯಿ ಮದರಾಸಿಗೆ ಕರೆತಂದು ಓದಿಸಿದರು. ಪಚ್ಚೈಯಪ್ಪ ಕಾಲೇಜಿನ ವ್ಯಾಸಂಗವನ್ನು ಅರ್ಧಕ್ಕೆ ನಿಲ್ಲಿಸಿ ಅವರು ದುಡಿಮೆಗೆ ಇಳಿದರು. ಕೈಯಲ್ಲಿ ಹಣವಿಲ್ಲದವನು ಆರಂಭಿಸಬಹುದಾದ ವ್ಯಾಪಾರಗಳು ಆ ಕಾಲದಲ್ಲಿ ಎರಡೇ ಬಗೆಯವು: ಇತರರ ಸರಕನ್ನು ಮಾರಿಕೊಟ್ಟು ಕಮಿಷನ್ ಪಡೆಯುವುದು ಒಂದು, ಮುಂಗಡ ಹಣ ಹೂಡದೆ ಅಂಚೆಯ ಮೂಲಕ ಸರಕನ್ನು ಕಳುಹಿಸುವುದು ಇನ್ನೊಂದು. ವಾಸನ್ ಎರಡನ್ನೂ ಕೈಗೊಂಡರು. ಪತ್ರಿಕೆಗಳಿಗೆ ಜಾಹೀರಾತು ಸಂಗ್ರಹಿಸಿಕೊಡುವ ಏಜೆನ್ಸಿ ನಡೆಸಿದರು. ಜೊತೆಗೆ ಪುಸ್ತಕಗಳನ್ನೂ ಇತರ ಸಣ್ಣಪುಟ್ಟ ಸರಕುಗಳನ್ನೂ ಅಂಚೆ ಮೂಲಕ ಮಾರಿದರು.

ಅಂಚೆ ವ್ಯಾಪಾರದಲ್ಲಿ ಗಿರಾಕಿಯ ಮುಖ ಕಾಣುವುದಿಲ್ಲ. ಜಾಹೀರಾತಿನ ನಾಲ್ಕು ಸಾಲುಗಳೇ ಅಂಗಡಿ, ಅವೇ ಗುಮಾಸ್ತ. ಯಾವ ಮಾತು ಬರೆದರೆ ಎಷ್ಟು ಆರ್ಡರ್ ಬಂದಿತು ಎಂಬ ಲೆಕ್ಕ ವಾರದೊಳಗೆ ಕೈಸೇರುತ್ತದೆ. ಜನಸಾಮಾನ್ಯರ ಅಪೇಕ್ಷೆಯನ್ನು ಊಹೆಯಿಂದಲ್ಲದೆ ಲೆಕ್ಕದಿಂದ ಅರಿಯುವ ಈ ಅಭ್ಯಾಸವು ಮುಂದೆ ಅವರ ಎಲ್ಲ ಉದ್ಯಮಗಳಿಗೂ ತಳಹದಿಯಾಯಿತು.

‘ಆನಂದ ವಿಕಟನ್’ ಎಂಬ ಹಾಸ್ಯಪತ್ರಿಕೆಯನ್ನು 1926ರಲ್ಲಿ ಬೂದೂರ್ ವೈದ್ಯನಾಥ ಅಯ್ಯರ್ ಅವರು ಆರಂಭಿಸಿದ್ದರು. ವಾಸನ್ ಅದಕ್ಕೂ ಜಾಹೀರಾತು ಕೊಡುತ್ತಿದ್ದರು. ಪತ್ರಿಕೆ ನಷ್ಟದಲ್ಲಿ ನಿಂತುಹೋದಾಗ, ಅದನ್ನು ವಿಚಾರಿಸಲು ಹೋದ ಜಾಹೀರಾತುದಾರರೇ 1928ರಲ್ಲಿ ಅದರ ಒಡೆಯರಾದರು. ಪತ್ರಿಕೆಯ ಹೆಸರಿನ ತಮಿಳು ಅಕ್ಷರವೊಂದಕ್ಕೆ 25 ರೂ. ದರದಲ್ಲಿ ಎಂಟು ಅಕ್ಷರಗಳಿಗೆ 200 ರೂ. ಕೊಟ್ಟು ಕೊಂಡರೆಂಬುದು ಪತ್ರಿಕಾ ವಲಯದಲ್ಲಿ ಪ್ರಚಲಿತವಾಗಿರುವ ಮಾತು. ಅವರು ಕೊಂಡದ್ದು ಯಂತ್ರವನ್ನಲ್ಲ, ಕಟ್ಟಡವನ್ನಲ್ಲ. ಓದುಗರಿಗೆ ಪರಿಚಿತವಾಗಿದ್ದ ಒಂದು ಹೆಸರನ್ನು.

ಪತ್ರಿಕೆಯ ಬೆಳವಣಿಗೆಗೆ ವಾಸನ್ ಎರಡು ಮಾರ್ಗ ಹಿಡಿದರು. ‘ಕಲ್ಕಿ’ ಕೃಷ್ಣಮೂರ್ತಿ ಅವರಂತಹ ಸಮರ್ಥ ಲೇಖಕರಿಗೆ ಸಂಪಾದಕೀಯ ಹೊಣೆ ವಹಿಸಿ ಸರಕಿನ ಗುಣಮಟ್ಟವನ್ನು ಏರಿಸಿದ್ದು ಒಂದು. ಪದಬಂಧ ಸ್ಪರ್ಧೆಗೆ ನಗದು ಬಹುಮಾನಗಳನ್ನಿಟ್ಟು ಓದುಗರ ಸಂಖ್ಯೆಯನ್ನು ಹೆಚ್ಚಿಸಿದ್ದು ಮತ್ತೊಂದು. ಈ ಸ್ಪರ್ಧೆಯ ಬಗ್ಗೆ ಟೀಕೆಗಳೂ ಬಂದವು. ಆದರೆ ಪ್ರಸಾರ ಏರಿದಂತೆ ಜಾಹೀರಾತಿನ ದರವೂ ಏರುತ್ತದೆ; ಜಾಹೀರಾತಿನ ಆದಾಯದಿಂದ ಪತ್ರಿಕೆಯನ್ನು ಇನ್ನಷ್ಟು ಚೆನ್ನಾಗಿ ತರಬಹುದು ಎಂಬ ಸೂತ್ರವನ್ನು ಜಾಹೀರಾತು ಏಜೆಂಟರಾಗಿದ್ದ ವಾಸನ್ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ವಿತರಣೆ ಮೊದಲು, ನಿರ್ಮಾಣ ನಂತರ

ವಾಸನ್ ಸ್ವತಃ ಕತೆಗಾರರೂ ಆಗಿದ್ದರು. ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಅವರ ‘ಸತಿ ಲೀಲಾವತಿ’ 1936ರಲ್ಲಿ ಚಲನಚಿತ್ರವಾಯಿತು. ಮುಂದೆ ತಮಿಳುನಾಡಿನ ಮುಖ್ಯಮಂತ್ರಿಗಳಾದ ಎಂ.ಜಿ. ರಾಮಚಂದ್ರನ್ ಅವರು ಮೊಟ್ಟಮೊದಲು ತೆರೆಯ ಮೇಲೆ ಕಾಣಿಸಿಕೊಂಡದ್ದು ಇದೇ ಚಿತ್ರದಲ್ಲಿ. ಕತೆಯ ಹಕ್ಕಿನ ಮೂಲಕ ಚಿತ್ರರಂಗದ ಪರಿಚಯವಾದರೂ ವಾಸನ್ ಒಮ್ಮೆಗೇ ನಿರ್ಮಾಣಕ್ಕೆ ಕೈಹಾಕಲಿಲ್ಲ. ಅವರು ಮೊದಲು ಪ್ರವೇಶಿಸಿದ್ದು ವಿತರಣಾ ವ್ಯವಹಾರವನ್ನು.

ಇದರ ಮಹತ್ವ ತಿಳಿಯಬೇಕಾದರೆ ಚಿತ್ರ ವ್ಯಾಪಾರದ ರಚನೆಯನ್ನು ಸ್ವಲ್ಪ ಗಮನಿಸಬೇಕು. ನಿರ್ಮಾಪಕ, ವಿತರಕ, ಪ್ರದರ್ಶಕ ಎಂಬ ಮೂರು ಕೊಂಡಿಗಳು ಇದರಲ್ಲಿವೆ. ನಿರ್ಮಾಪಕನು ಚಿತ್ರವನ್ನು ತಯಾರಿಸುತ್ತಾನೆ. ವಿತರಕನು ಒಂದು ಪ್ರದೇಶದ ಹಕ್ಕನ್ನು ಪಡೆದು, ಪ್ರತಿಗಳನ್ನು ಚಿತ್ರಮಂದಿರಗಳಿಗೆ ಒದಗಿಸುತ್ತಾನೆ. ಪ್ರದರ್ಶಕನು ಟಿಕೆಟ್ ಮಾರಿ ಹಣ ಸಂಗ್ರಹಿಸುತ್ತಾನೆ. ನಿರ್ಮಾಪಕ ಮತ್ತು ವಿತರಕರ ನಡುವಿನ ಒಪ್ಪಂದ ಸಾಮಾನ್ಯವಾಗಿ ಮೂರು ಬಗೆಯದು. ಪ್ರದೇಶದ ಹಕ್ಕನ್ನು ನಿಗದಿತ ಮೊತ್ತಕ್ಕೆ ಪೂರ್ಣವಾಗಿ ಮಾರುವುದು ಒಂದು ಬಗೆ. ಇಲ್ಲಿ ಲಾಭನಷ್ಟವೆರಡೂ ವಿತರಕನದು. ಕನಿಷ್ಠ ಖಾತರಿ, ಅಂದರೆ ಮಿನಿಮಮ್ ಗ್ಯಾರಂಟಿ, ಎರಡನೆಯ ಬಗೆ. ವಿತರಕನು ಒಂದು ಮೊತ್ತವನ್ನು ಮುಂಗಡವಾಗಿ ಖಾತರಿಪಡಿಸಿ, ಅದಕ್ಕೂ ಮೀರಿದ ಗಳಿಕೆಯನ್ನು ನಿರ್ಮಾಪಕನೊಂದಿಗೆ ಹಂಚಿಕೊಳ್ಳುತ್ತಾನೆ. ಮೂರನೆಯದು ಕೇವಲ ಕಮಿಷನ್ ಆಧಾರದ ವ್ಯವಹಾರ. ಇಲ್ಲಿ ನಷ್ಟದ ಹೊಣೆ ಸಂಪೂರ್ಣವಾಗಿ ನಿರ್ಮಾಪಕನದು.

ಮೂರು ಬಗೆಗಳಲ್ಲಿಯೂ ಯಾವ ಊರಿನಲ್ಲಿ ಯಾವ ಬಗೆಯ ಚಿತ್ರ ಎಷ್ಟು ವಾರ ಓಡುತ್ತದೆ, ಹಣ ಎಲ್ಲಿ ಸೋರುತ್ತದೆ ಎಂಬ ತಿಳಿವಳಿಕೆ ಇರುವುದು ವಿತರಕನ ಲೆಕ್ಕದ ಪುಸ್ತಕದಲ್ಲಿ. ಜೆಮಿನಿ ಪಿಕ್ಚರ್ಸ್ ಸರ್ಕ್ಯೂಟ್ ಎಂಬ ಹೆಸರಿನಲ್ಲಿ ವಿತರಣೆ ನಡೆಸಿದ ವಾಸನ್ ಈ ತಿಳಿವಳಿಕೆಯನ್ನು ಮೊದಲು ಸಂಪಾದಿಸಿದರು. ಕೆ. ಸುಬ್ರಹ್ಮಣ್ಯಂ ಅವರು ನಿರ್ದೇಶಿಸಿದ ‘ತ್ಯಾಗಭೂಮಿ’ 1939ರಲ್ಲಿ ತೆರೆಕಂಡಾಗ ಅದನ್ನು ವಿತರಿಸಿದ್ದು ಅವರ ಸಂಸ್ಥೆ. ಕಲ್ಕಿಯವರ ಈ ಕತೆಯು ಚಿತ್ರೀಕರಣ ನಡೆಯುತ್ತಿದ್ದಾಗಲೇ ಚಿತ್ರದ ಛಾಯಾಚಿತ್ರಗಳೊಂದಿಗೆ ‘ಆನಂದ ವಿಕಟನ್’ನಲ್ಲಿ ಧಾರಾವಾಹಿಯಾಗಿ ಪ್ರಕಟವಾಯಿತು. ಧಾರಾವಾಹಿಯ ಓದುಗರು ಚಿತ್ರಕ್ಕಾಗಿ ಕಾದರು. ಚಿತ್ರದ ಸುದ್ದಿ ಕೇಳಿದವರು ಪತ್ರಿಕೆ ಕೊಂಡರು. ಒಂದು ಸರಕಿನ ಖರ್ಚಿನಲ್ಲಿಯೇ ಮತ್ತೊಂದು ಸರಕಿಗೂ ಪ್ರಚಾರ ದೊರೆಯಿತು.

ಹರಾಜಿನಲ್ಲಿ ಕೊಂಡ ಸ್ಟುಡಿಯೋ

ಸುಬ್ರಹ್ಮಣ್ಯಂ ಅವರ ಮೋಷನ್ ಪಿಕ್ಚರ್ ಪ್ರೊಡ್ಯೂಸರ್ಸ್ ಕಂಬೈನ್ಸ್ ಸ್ಟುಡಿಯೋ ಬೆಂಕಿ ಅನಾಹುತಕ್ಕೀಡಾಗಿ, ಸಾಲದ ಹೊರೆಯಿಂದ ಹರಾಜಿಗೆ ಬಂದಿತು. ವಾಸನ್ 1940ರಲ್ಲಿ ಅದನ್ನು ಸುಮಾರು 86,000 ರೂ.ಗಳಿಗೆ ಕೊಂಡರೆಂದು ತಮಿಳು ಚಿತ್ರರಂಗದ ಇತಿಹಾಸಕಾರರು ದಾಖಲಿಸಿದ್ದಾರೆ. ಅದಕ್ಕೆ ಜೆಮಿನಿ ಸ್ಟುಡಿಯೋ ಎಂದು ಹೆಸರಿಟ್ಟರು. ಕುದುರೆ ಪಂದ್ಯದ ಆಸಕ್ತರಾಗಿದ್ದ ವಾಸನ್ ಅವರ ಒಂದು ಕುದುರೆಯ ಹೆಸರಿನಿಂದ ಇದು ಬಂದಿತೆಂಬ ಕತೆಯೂ ಇದೆ. ಕಹಳೆಯೂದುವ ಅವಳಿ ಮಕ್ಕಳ ಲಾಂಛನವು ಬಹು ಬೇಗನೆ ದಕ್ಷಿಣ ಭಾರತದ ಪ್ರೇಕ್ಷಕರ ಮನಸ್ಸಿನಲ್ಲಿ ನೆಲೆಗೊಂಡಿತು.

ಖರೀದಿಯ ಕಾಲವನ್ನು ಗಮನಿಸಬೇಕು. ಎರಡನೆಯ ಮಹಾಯುದ್ಧ ಆಗಲೇ ಆರಂಭವಾಗಿತ್ತು. ಕಚ್ಚಾ ಫಿಲ್ಮ್ ಸಂಪೂರ್ಣವಾಗಿ ಆಮದಿನ ಸರಕು. ಯುದ್ಧ ಬೆಳೆದಂತೆ ಅದರ ಪೂರೈಕೆ ಕುಗ್ಗಿತು. ಸರ್ಕಾರವು ಚಿತ್ರದ ಉದ್ದಕ್ಕೆ 11,000 ಅಡಿಗಳ ಮಿತಿ ವಿಧಿಸಿತು, ಅನಂತರ ಫಿಲ್ಮ್ ಹಂಚಿಕೆಗೆ ಪರವಾನಗಿ ಪದ್ಧತಿಯನ್ನೂ ತಂದಿತು. ಇಂತಹ ಸಮಯದಲ್ಲಿ ಸ್ವಂತ ಸ್ಟುಡಿಯೋ, ಸ್ವಂತ ಪ್ರಯೋಗಾಲಯ, ಸ್ವಂತ ವಿತರಣಾ ಜಾಲವಿದ್ದವನು ಕೈಗೆ ಸಿಕ್ಕಿದ ಪ್ರತಿಯೊಂದು ಅಡಿಯನ್ನೂ ಲೆಕ್ಕಹಾಕಿ ಬಳಸಬಲ್ಲ. ‘ಮದನಕಾಮರಾಜನ್’ (1941), ‘ನಂದನಾರ್’ (1942), ತೆಲುಗಿನ ‘ಬಾಲನಾಗಮ್ಮ’ (1942), ‘ಮಂಗಮ್ಮಾ ಶಪಥಂ’ (1943) ಒಂದರ ಹಿಂದೆ ಒಂದರಂತೆ ಜೆಮಿನಿಯಿಂದ ಹೊರಬಂದವು. ಜನಪದ ಕತೆ, ಭಕ್ತಿ, ಸಾಹಸ, ಹಾಸ್ಯ, ನೃತ್ಯ ಇವುಗಳ ಹದವಾದ ಮಿಶ್ರಣ ಈ ಚಿತ್ರಗಳ ಸಾಮಾನ್ಯ ಗುಣ. ಹಳ್ಳಿಯ ಪ್ರೇಕ್ಷಕನು ಕೊಟ್ಟ ಕಾಸಿಗೆ ಕಣ್ಣು ತುಂಬುವಂತಹ ನೋಟ ದೊರಕಬೇಕೆಂಬುದು ವಾಸನ್ ಅವರ ನಿಲುವಾಗಿತ್ತು.

ಸಂಬಳದ ಪದ್ಧತಿ

ಜೆಮಿನಿಯ ಆಡಳಿತ ಕ್ರಮವು ಕಾರ್ಖಾನೆಯದನ್ನು ಹೋಲುತ್ತಿತ್ತು. ಕತೆ, ಸಂಗೀತ, ಕಲೆ, ಛಾಯಾಗ್ರಹಣ, ಪ್ರಸಾಧನ, ಪ್ರಚಾರ ಹೀಗೆ ಪ್ರತಿಯೊಂದಕ್ಕೂ ಒಂದು ವಿಭಾಗ. ವಿಭಾಗದ ನೌಕರರಿಗೆ ತಿಂಗಳ ಸಂಬಳ. ಕತೆಗಳನ್ನು ಸಿದ್ಧಪಡಿಸಲೆಂದೇ ಬರಹಗಾರರನ್ನು ಒಳಗೊಂಡ ಕಥಾ ವಿಭಾಗವೊಂದಿತ್ತು. ಅದರ ಬಳಗದಲ್ಲಿ ವಕೀಲರೊಬ್ಬರೂ ಇದ್ದರು. ಕೊತ್ತಮಂಗಲಂ ಸುಬ್ಬು ಅವರು ಕವಿ, ನಟ, ಸಂಭಾಷಣೆಕಾರ, ನಿರ್ದೇಶಕ ಹೀಗೆ ಸಂಸ್ಥೆಗೆ ಬೇಕಾದ ಎಲ್ಲ ಪಾತ್ರಗಳನ್ನೂ ವಹಿಸುತ್ತಿದ್ದರು. ಪ್ರಸಿದ್ಧ ತಮಿಳು ಲೇಖಕ ಅಶೋಕಮಿತ್ರನ್ ಅವರು 1950 ಮತ್ತು 60ರ ದಶಕಗಳಲ್ಲಿ ಹದಿನಾಲ್ಕು ವರ್ಷಗಳಷ್ಟು ಕಾಲ ಇಲ್ಲಿ ನೌಕರರಾಗಿದ್ದರು. ಪತ್ರಿಕೆಗಳ ತುಣುಕುಗಳನ್ನು ಕತ್ತರಿಸಿ ಕಡತದಲ್ಲಿಡುವ ಕೆಲಸವೂ ಅವರದಾಗಿತ್ತು. ಅವರು ಇಂಗ್ಲಿಷಿನಲ್ಲಿ ಬರೆದ ನೆನಪುಗಳು ಒಡೆಯರ ಬಗೆಗಿನ ಭಯಭಕ್ತಿ, ವಿಭಾಗಗಳ ನಡುವಣ ಮೇಲಾಟ, ಕೆಲಸವಿಲ್ಲದೆ ಕುಳಿತವರ ಚಡಪಡಿಕೆ ಇವುಗಳನ್ನು ನವಿರು ಹಾಸ್ಯದೊಂದಿಗೆ ದಾಖಲಿಸಿವೆ.

ಸಂಬಳದ ಪದ್ಧತಿಯ ಲಾಭ ಸ್ಪಷ್ಟ. ಕಲಾವಿದನ ಬಿಡುವಿಗಾಗಿ ಕಾಯಬೇಕಿಲ್ಲ. ತಂತ್ರಜ್ಞನ ಕೌಶಲ ಸಂಸ್ಥೆಯೊಳಗೇ ಉಳಿಯುತ್ತದೆ. ಒಂದು ಚಿತ್ರದ ಪರಿಕರ, ವೇಷಭೂಷಣ ಮತ್ತೊಂದಕ್ಕೆ ಒದಗುತ್ತವೆ. ಸೇಲಂನಲ್ಲಿ ಟಿ.ಆರ್. ಸುಂದರಂ ಅವರು ಕಟ್ಟಿದ ಮಾಡರ್ನ್ ಥಿಯೇಟರ್ಸ್ ಇದೇ ಪದ್ಧತಿಯನ್ನು ಇನ್ನೊಂದು ದಿಕ್ಕಿನಲ್ಲಿ ಬಳಸಿತು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜವಳಿ ತಂತ್ರಜ್ಞಾನ ಕಲಿತು ಬಂದಿದ್ದ ಸುಂದರಂ ಅವರು ಕಟ್ಟುನಿಟ್ಟಾದ ವೇಳಾಪಟ್ಟಿ ಹಾಗೂ ಮಿತ ವೆಚ್ಚದ ಮೇಲೆ ಒತ್ತು ಕೊಟ್ಟರು. ಅವರ ಸಂಸ್ಥೆಯಿಂದ ನೂರಕ್ಕೂ ಹೆಚ್ಚು ಚಿತ್ರಗಳು ಬಂದವು. ಸುಂದರಂ ಹೆಚ್ಚು ಸರಕು, ಕಡಿಮೆ ವೆಚ್ಚದ ಮಾರ್ಗ ಹಿಡಿದರೆ, ವಾಸನ್ ಕಡಿಮೆ ಸರಕು, ಹೆಚ್ಚು ವೆಚ್ಚ, ವಿಶಾಲ ಮಾರುಕಟ್ಟೆಯ ಮಾರ್ಗ ಹಿಡಿದರು. ಆ ಮಾರ್ಗದ ಪರೀಕ್ಷೆ ನಡೆದದ್ದು ‘ಚಂದ್ರಲೇಖಾ’ ಚಿತ್ರದಲ್ಲಿ.

‘ಚಂದ್ರಲೇಖಾ’ದ ಲೆಕ್ಕ

ಈ ಚಿತ್ರದ ಘೋಷಣೆಯಾದದ್ದು 1943ರಲ್ಲಿ. ತೆರೆಗೆ ಬಂದದ್ದು 1948ರ ಏಪ್ರಿಲ್ 9ರಂದು. ನಡುವಿನ ಐದು ವರ್ಷಗಳಲ್ಲಿ ಕತೆ ಹಲವು ಬಾರಿ ಬದಲಾಯಿತು. ರಾಜಕುಮಾರರಿಬ್ಬರ ಸಿಂಹಾಸನದ ಕಲಹಕ್ಕೆ ಸರ್ಕಸ್ ದೃಶ್ಯಗಳು ಸೇರಿಕೊಂಡವು. ಅದಕ್ಕಾಗಿ ನಿಜವಾದ ಸರ್ಕಸ್ ಕಂಪನಿಗಳನ್ನೇ ಕರೆಸಲಾಯಿತು. ಆರಂಭದಲ್ಲಿ ನಿರ್ದೇಶಕರಾಗಿದ್ದ ಟಿ.ಜಿ. ರಾಘವಾಚಾರಿ ನಡುವೆಯೇ ಹೊರನಡೆದರು. ಅಲ್ಲಿಯವರೆಗೆ ಕೇವಲ ನಿರ್ಮಾಪಕರಾಗಿದ್ದ ವಾಸನ್ ಸ್ವತಃ ನಿರ್ದೇಶನದ ಹೊಣೆ ಹೊತ್ತರು. ಅವರ ನಿರ್ದೇಶನದ ಮೊದಲ ಚಿತ್ರ ಇದೇ. ದೈತ್ಯ ನಗಾರಿಗಳ ಮೇಲೆ ನೂರಾರು ನರ್ತಕಿಯರು ಕುಣಿಯುವ, ಆ ನಗಾರಿಗಳ ಒಳಗಿನಿಂದ ಯೋಧರು ಹೊರಬೀಳುವ ಪ್ರಸಿದ್ಧ ದೃಶ್ಯಕ್ಕೆ ತಿಂಗಳುಗಟ್ಟಲೆ ತಾಲೀಮು ನಡೆಯಿತು.

ಒಟ್ಟು ವೆಚ್ಚ ಸುಮಾರು 30 ಲಕ್ಷ ರೂ. ಎಂದು ಹೇಳಲಾಗಿದೆ. ಅದು ಆ ಕಾಲದ ಸಾಮಾನ್ಯ ತಮಿಳು ಚಿತ್ರದ ವೆಚ್ಚಕ್ಕೆ ಹಲವು ಪಟ್ಟು. ಹಣ ಸಾಲದೆ ಬಂದಾಗ ವಾಸನ್ ಆಸ್ತಿಯನ್ನು ಅಡವಿಟ್ಟರು, ಸಾಲ ತಂದರು, ಆಭರಣಗಳನ್ನೂ ಮಾರಿದರೆಂದು ಅವರನ್ನು ಕುರಿತ ಬರಹಗಳು ತಿಳಿಸುತ್ತವೆ. ಚಿತ್ರ ತಮಿಳಿನಲ್ಲಿ ಚೆನ್ನಾಗಿಯೇ ಓಡಿತು. ಆದರೆ ಚೆನ್ನಾಗಿ ಓಡಿದ ಮಾತ್ರಕ್ಕೆ ಹಣ ಹಿಂದಿರುಗುವಂತಿರಲಿಲ್ಲ. ತಮಿಳು ಪ್ರದೇಶದ ಚಿತ್ರಮಂದಿರಗಳೆಲ್ಲವೂ ಸೇರಿದರೂ ಅಷ್ಟು ಹಣ ಹುಟ್ಟಿಸುವ ಶಕ್ತಿ ಆ ಮಾರುಕಟ್ಟೆಗೆ ಇರಲಿಲ್ಲ.

ಇಲ್ಲಿ ಚಿತ್ರವೆಂಬ ಸರಕಿನ ವಿಶೇಷ ಗುಣವೊಂದನ್ನು ತಿಳಿಯಬೇಕು. ಬಟ್ಟೆಯ ತಯಾರಕನಿಗೆ ನೂರನೆಯ ಗಜಕ್ಕೂ ನೂಲು ಬೇಕು, ಕೂಲಿ ಬೇಕು. ಚಿತ್ರದಲ್ಲಿ ಹಾಗಲ್ಲ. ಬಹುಪಾಲು ವೆಚ್ಚ ಮೂಲ ನೆಗೆಟಿವ್ ಸಿದ್ಧವಾಗುವುದರೊಳಗೆ ಮುಗಿದಿರುತ್ತದೆ; ಅನಂತರದ ಪ್ರತಿಯೊಂದು ಪ್ರತಿಗೂ ತಗಲುವುದು ಫಿಲ್ಮ್ ಮತ್ತು ಸಂಸ್ಕರಣದ ಖರ್ಚು ಮಾತ್ರ. ಉದಾಹರಣೆಗಾಗಿ, 30 ಲಕ್ಷ ರೂ.ಗಳ ನೆಗೆಟಿವ್‌ನಿಂದ 60 ಪ್ರತಿಗಳನ್ನು ಮಾತ್ರ ಹೊರಡಿಸಿದರೆ ಪ್ರತಿಯೊಂದರ ಮೇಲೆ 50,000 ರೂ.ಗಳ ಹೊರೆ ಬೀಳುತ್ತದೆ. ಅದೇ 600 ಪ್ರತಿಗಳಾದರೆ ಹೊರೆ 5,000 ರೂ.ಗೆ ಇಳಿಯುತ್ತದೆ. ಆದ್ದರಿಂದ ಅತಿವೆಚ್ಚದ ಚಿತ್ರಕ್ಕೆ ಮುಂದಿದ್ದ ದಾರಿ ಒಂದೇ: ಮಾರುಕಟ್ಟೆಯನ್ನು ಹಿಗ್ಗಿಸುವುದು.

ವಾಸನ್ ಮಾಡಿದ್ದು ಅದನ್ನೇ. ಕೆಲವು ದೃಶ್ಯಗಳನ್ನು ಹೊಸದಾಗಿ ಸೇರಿಸಿ ಹಿಂದಿ ಆವೃತ್ತಿಯನ್ನು ಸಿದ್ಧಗೊಳಿಸಿದರು. ಅದು 1948ರ ಡಿಸೆಂಬರ್ 24ರಂದು ಬಿಡುಗಡೆಯಾಯಿತು. ಉತ್ತರ ಭಾರತದ ವಿತರಣೆಯಲ್ಲಿ, ಅದೇ ತಾನೇ ಆರಂಭವಾಗಿದ್ದ ರಾಜಶ್ರೀ ಸಂಸ್ಥೆಯ ತಾರಾಚಂದ್ ಬರ್ಜಾತ್ಯಾ ಪಾಲ್ಗೊಂಡರು. ದಿನಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತುಗಳು, ಗೋಡೆಗಳ ಮೇಲೆ ಬೃಹತ್ ಭಿತ್ತಿಪತ್ರಗಳು, ಬಿಡುಗಡೆಗೆ ಮುನ್ನವೇ ದೇಶವ್ಯಾಪಿ ಸುದ್ದಿ – ಚಿತ್ರವ್ಯಾಪಾರದಲ್ಲಿ ಈ ಪ್ರಮಾಣದ ಪ್ರಚಾರವನ್ನು ಆ ಹಿಂದೆ ಯಾರೂ ಕಂಡಿರಲಿಲ್ಲ. ಎರಡೂ ಭಾಷೆಗಳಲ್ಲಿ ಒಟ್ಟು 603 ಪ್ರತಿಗಳನ್ನು ಹೊರತರಲಾಯಿತೆಂದು ವರದಿಯಾಗಿದೆ. ಮದರಾಸಿನಲ್ಲಿ ತಯಾರಾದ ಚಿತ್ರವೊಂದು ಹಿಂದಿ ಪ್ರದೇಶದ ಮಾರುಕಟ್ಟೆಯನ್ನು ಇಷ್ಟು ವ್ಯಾಪಕವಾಗಿ ಪ್ರವೇಶಿಸಿದ್ದು ಅದೇ ಮೊದಲು. ಭಾಷೆ ಅಡ್ಡಿಯಾಗದಿರಲು ಕಾರಣ ಚಿತ್ರದ ರಚನೆಯಲ್ಲೇ ಇತ್ತು: ಕತ್ತಿವರಸೆ, ಸರ್ಕಸ್, ನಗಾರಿ ನೃತ್ಯ ಇವುಗಳಿಗೆ ಅನುವಾದ ಬೇಕಾಗಿರಲಿಲ್ಲ.

ಒಂದೇ ಅಚ್ಚು, ಹಲವು ಭಾಷೆ

‘ಚಂದ್ರಲೇಖಾ’ದಲ್ಲಿ ಸಂಕಟದಿಂದ ಹುಟ್ಟಿದ ಉಪಾಯವು ಅನಂತರ ಜೆಮಿನಿಯ ನಿಯತ ಕ್ರಮವಾಯಿತು. ‘ಅಪೂರ್ವ ಸಹೋದರರ್ಗಳ್’ 1949ರಲ್ಲಿ ತಮಿಳಿನಲ್ಲಿ, ಅದೇ ವರ್ಷ ‘ನಿಶಾನ್’ ಎಂಬ ಹೆಸರಿನಲ್ಲಿ ಹಿಂದಿಯಲ್ಲಿ, 1950ರಲ್ಲಿ ತೆಲುಗಿನಲ್ಲಿ ಬಂದಿತು. ಅದರ ತಮಿಳು ಆವೃತ್ತಿಯ ಖಳನಾಯಕನ ಪಾತ್ರದಲ್ಲಿ ಕನ್ನಡ ರಂಗಭೂಮಿ ಹಾಗೂ ಚಿತ್ರರಂಗದ ಹಿರಿಯರಾದ ಆರ್. ನಾಗೇಂದ್ರರಾಯರು ಅಭಿನಯಿಸಿದರು. ‘ಮಂಗಮ್ಮಾ ಶಪಥಂ’ ಹಿಂದಿಯಲ್ಲಿ ‘ಮಂಗಳಾ’ (1950) ಆಯಿತು. ‘ಬಾಲನಾಗಮ್ಮ’ದ ಕತೆ ‘ಬಹುತ್ ದಿನ್ ಹುಯೇ’ (1954) ಆಯಿತು. ‘ವಂಜಿಕೋಟೈ ವಾಲಿಬನ್’ ಮತ್ತು ಅದರ ಹಿಂದಿ ರೂಪ ‘ರಾಜ್ ತಿಲಕ್’ ಎರಡೂ ಒಂದೇ ಮುಖ್ಯ ತಾರಾಗಣದೊಂದಿಗೆ 1958ರಲ್ಲಿ ತೆರೆಕಂಡವು. ಕತೆ, ರಂಗಸಜ್ಜು, ವೇಷಭೂಷಣ, ನೃತ್ಯ ಸಂಯೋಜನೆಗಳಿಗೆ ಮಾಡಿದ ಖರ್ಚು ಒಂದೇ. ಮಾರುಕಟ್ಟೆ ಮಾತ್ರ ಎರಡು, ಕೆಲವೊಮ್ಮೆ ಮೂರು. ಅಚ್ಚಿಗೆ ಒಮ್ಮೆ ಹಣ ಹಾಕಿ, ಅದರಿಂದಲೇ ಬೇರೆ ಬೇರೆ ಊರುಗಳಿಗೆ ಒಪ್ಪುವ ಸರಕನ್ನು ಎರಕಹೊಯ್ಯುವ ತಯಾರಕನ ಲೆಕ್ಕಾಚಾರವೇ ಇದು.

ಮೈಸೂರಿನಲ್ಲಿ ನೆಲೆಸಿದ್ದ ಆರ್.ಕೆ. ನಾರಾಯಣ್ ಅವರಿಗೂ ಜೆಮಿನಿಗೂ ವ್ಯವಹಾರವಿತ್ತು. 1947ರ ‘ಮಿಸ್ ಮಾಲಿನಿ’ ಚಿತ್ರಕ್ಕೆ ಕತೆ ಅವರದು. ಅವರ ‘ಮಿಸ್ಟರ್ ಸಂಪತ್’ ಕಾದಂಬರಿಯನ್ನು ಆಧರಿಸಿ ವಾಸನ್ 1952ರಲ್ಲಿ ಅದೇ ಹೆಸರಿನ ಹಿಂದಿ ಚಿತ್ರವನ್ನು ನಿರ್ದೇಶಿಸಿದರು. ಮಾತಿನ ಬಲದಿಂದಲೇ ಬಂಡವಾಳ ಎತ್ತುವ ಚತುರನೊಬ್ಬನ ಕತೆ ಅದು. ದಿಲೀಪ್ ಕುಮಾರ್ ಮತ್ತು ದೇವ್ ಆನಂದ್ ಒಟ್ಟಾಗಿ ಅಭಿನಯಿಸಿದ ಏಕೈಕ ಚಿತ್ರ ‘ಇನ್ಸಾನಿಯತ್’ (1955) ಕೂಡ ವಾಸನ್ ಅವರದೇ. ಗಿರಣಿ ಕಾರ್ಮಿಕರ ಹಾಗೂ ಮಾಲೀಕರ ಸಂಘರ್ಷವನ್ನು ವಸ್ತುವಾಗುಳ್ಳ ‘ಪೈಗಾಮ್’ (1959) ಹಿಂದಿಯಲ್ಲಿ ಯಶಸ್ವಿಯಾದ ಮೇಲೆ ‘ಇರುಂಬುತ್ತಿರೈ’ (1960) ಎಂಬ ಹೆಸರಿನಲ್ಲಿ ತಮಿಳಿಗೆ ಬಂದಿತು. ಹತ್ತು ವರ್ಷಗಳ ಹಿಂದೆ ಸರಕು ತಮಿಳಿನಿಂದ ಹಿಂದಿಗೆ ಹೋಗುತ್ತಿತ್ತು. ಈಗ ಹಿಂದಿಯಿಂದ ತಮಿಳಿಗೆ ಬರತೊಡಗಿತು ಎಂಬುದು ಗಮನಾರ್ಹ.

ವಾಸನ್ ತೆರೆದ ದಾರಿಯಲ್ಲಿ ಇತರರೂ ನಡೆದರು. ಎ.ವಿ.ಎಂ. ಸಂಸ್ಥೆ ತನ್ನ ತಮಿಳು ಚಿತ್ರ ‘ವಾಳ್ಕೈ’ಯನ್ನು 1951ರಲ್ಲಿ ‘ಬಹಾರ್’ ಎಂಬ ಹೆಸರಿನಲ್ಲಿ ಹಿಂದಿಗೆ ತಂದಿತು. ಅಂದಿನಿಂದ ಮದರಾಸು ಹಿಂದಿ ಚಿತ್ರಗಳ ಒಂದು ಪ್ರಮುಖ ತಯಾರಿಕಾ ಕೇಂದ್ರವಾಯಿತು. ಕರ್ನಾಟಕದಲ್ಲಿಯೂ ಈ ಲೆಕ್ಕಾಚಾರದ ನಿದರ್ಶನ ದೊರೆಯುತ್ತದೆ. 2018ರ ಡಿಸೆಂಬರ್‌ನಲ್ಲಿ ‘ಕೆ.ಜಿ.ಎಫ್.’ ಮೊದಲ ಭಾಗವು ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ಬಿಡುಗಡೆಯಾದದ್ದರ ಹಿಂದೆ ಇದ್ದುದು, ಒಂದು ಭಾಷೆಯ ಮಾರುಕಟ್ಟೆ ಹೊರಲಾರದ ವೆಚ್ಚವನ್ನು ಹಲವು ಮಾರುಕಟ್ಟೆಗಳ ಮೇಲೆ ಹಂಚುವ ಇದೇ ತತ್ತ್ವ.

ಸ್ಥಿರ ವೆಚ್ಚದ ಭಾರ

ಜೆಮಿನಿಯ ಬಲವಾಗಿದ್ದ ಸಂಬಳದ ಪದ್ಧತಿಯೇ ಕಾಲಕ್ರಮದಲ್ಲಿ ಅದರ ಭಾರವೂ ಆಯಿತು. ಚಿತ್ರ ತಯಾರಾಗುತ್ತಿರಲಿ, ಇಲ್ಲದಿರಲಿ, ತಿಂಗಳ ಮೊದಲ ತಾರೀಖಿನಂದು ಸಂಬಳ ಹೋಗಲೇಬೇಕು. ವರ್ಷಕ್ಕೆ ಹಲವು ಚಿತ್ರಗಳು ಹೊರಬಂದರೆ ಈ ವೆಚ್ಚ ಅವುಗಳ ಮೇಲೆ ಹಂಚಿಹೋಗುತ್ತದೆ. ಒಂದೊಂದು ಚಿತ್ರಕ್ಕೂ ವರ್ಷಗಟ್ಟಲೆ ಹಿಡಿದರೆ ಪೂರ್ತಿ ವೆಚ್ಚ ಆ ಒಂದರ ಮೇಲೆಯೇ ಬೀಳುತ್ತದೆ. ಕೆ.ಬಿ. ಸುಂದರಾಂಬಾಳ್ ಅಭಿನಯದ ‘ಅವ್ವೈಯಾರ್’ (1953) ಕೂಡ ದೀರ್ಘಕಾಲ ತಯಾರಿಯಲ್ಲಿದ್ದ ಚಿತ್ರವೇ. ಅದು ಗೆದ್ದಿತು. ಆದರೆ ಪ್ರತಿಯೊಂದು ಬಾರಿಯೂ ಗೆಲ್ಲಲೇಬೇಕಾದ ಸ್ಥಿತಿಯಲ್ಲಿರುವ ಉದ್ಯಮವು ಎಂದಿಗೂ ಅಪಾಯದ ಅಂಚಿನಲ್ಲಿಯೇ ಇರುತ್ತದೆ.

ಇದೇ ವೇಳೆ ಚಿತ್ರವ್ಯಾಪಾರದ ಸ್ವರೂಪವೂ ಬದಲಾಗುತ್ತಿತ್ತು. ನಟನಟಿಯರು ಸ್ಟುಡಿಯೋದ ನೌಕರಿ ಬಿಟ್ಟು ಚಿತ್ರವೊಂದಕ್ಕೆ ಇಷ್ಟೆಂದು ಸಂಭಾವನೆ ಪಡೆಯತೊಡಗಿದರು. ವಿತರಕನು ಮುಂಗಡ ಕೊಡುವುದು ಸ್ಟುಡಿಯೋದ ಲಾಂಛನ ನೋಡಿಯಲ್ಲ, ತಾರೆಯ ಹೆಸರು ನೋಡಿ ಎಂಬ ಸ್ಥಿತಿ ಬಂದಿತು. ಸ್ವಂತ ಸ್ಟುಡಿಯೋ ಇಲ್ಲದ ನಿರ್ಮಾಪಕನೂ ತಾರೆಯ ಕಾಲ್‌ಷೀಟ್ ಹಿಡಿದು, ಬೇರೆಯವರ ಸ್ಟುಡಿಯೋವನ್ನು ದಿನಬಾಡಿಗೆಗೆ ಪಡೆದು ಚಿತ್ರ ಮಾಡಬಲ್ಲವನಾದ. ಅವನಿಗೆ ಸ್ಥಿರ ವೆಚ್ಚವೇ ಇಲ್ಲ. ಅಂತಹವನೊಂದಿಗೆ ನೂರಾರು ನೌಕರರನ್ನು ಸಾಕುವ ಸಂಸ್ಥೆ ಪೈಪೋಟಿ ನಡೆಸುವುದು ಕಷ್ಟ. ಸೇಲಂನ ಮಾಡರ್ನ್ ಥಿಯೇಟರ್ಸ್ ಕೂಡ ಒಡೆಯರಾದ ಸುಂದರಂ 1963ರಲ್ಲಿ ತೀರಿಕೊಂಡ ಮೇಲೆ ಕ್ರಮೇಣ ಕ್ಷೀಣಿಸಿತೆಂಬುದನ್ನು ನೋಡಿದರೆ, ಇದು ಒಬ್ಬ ವ್ಯಕ್ತಿಯ ತಪ್ಪಲ್ಲ, ಇಡೀ ಪದ್ಧತಿಯ ಕಾಲ ಮುಗಿದಿತ್ತೆಂಬುದು ತಿಳಿಯುತ್ತದೆ.

ವಾಸನ್ ಕೊನೆಯವರೆಗೂ ಚಿತ್ರ ನಿರ್ಮಾಣವನ್ನು ಬಿಡಲಿಲ್ಲ. ‘ಘರಾನಾ’ (1961), ‘ಔರತ್’ (1967), ‘ತೀನ್ ಬಹುರಾನಿಯಾಂ’ (1968), ‘ಶತರಂಜ್’ (1969) ಅವರ ನಂತರದ ಚಿತ್ರಗಳು. ಚಲನಚಿತ್ರ ಉದ್ಯಮದ ಅಖಿಲ ಭಾರತ ಒಕ್ಕೂಟವಾದ ಫಿಲ್ಮ್ ಫೆಡರೇಷನ್ ಆಫ್ ಇಂಡಿಯಾದ ಅಧ್ಯಕ್ಷರಾಗಿ, ರಾಜ್ಯಸಭೆಯ ಸದಸ್ಯರಾಗಿ ಅವರು ಸೇವೆ ಸಲ್ಲಿಸಿದರು. 1969ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. ಅದೇ ವರ್ಷ ಆಗಸ್ಟ್ 26ರಂದು ಅವರು ನಿಧನರಾದರು. ಅವರ ಪುತ್ರ ಎಸ್. ಬಾಲಸುಬ್ರಹ್ಮಣ್ಯನ್ ಕೆಲವು ಚಿತ್ರಗಳನ್ನು ನಿರ್ದೇಶಿಸಿದರಾದರೂ, 1970ರ ದಶಕದ ಮಧ್ಯಭಾಗದಲ್ಲಿ ಸ್ಟುಡಿಯೋದ ಚಟುವಟಿಕೆ ನಿಂತಿತು. ಬಾಲಸುಬ್ರಹ್ಮಣ್ಯನ್ ತಮ್ಮ ಗಮನವನ್ನು ಪತ್ರಿಕೆಯತ್ತ ತಿರುಗಿಸಿದರು.

ಸ್ಟುಡಿಯೋ ಇದ್ದ ನಿವೇಶನದಲ್ಲಿ ಇಂದು ವಾಣಿಜ್ಯ ಸಂಕೀರ್ಣವೂ ಹೋಟೆಲೂ ನಿಂತಿವೆ. ಎದುರಿನ ಮೇಲ್ಸೇತುವೆಗೆ 1973ರಲ್ಲಿ ಅಣ್ಣಾ ಮೇಲ್ಸೇತುವೆ ಎಂದು ನಾಮಕರಣವಾಯಿತಾದರೂ ಚೆನ್ನೈ ಜನತೆ ಅದನ್ನು ಕರೆಯುವುದು ಜೆಮಿನಿ ಫ್ಲೈಓವರ್ ಎಂದೇ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಸಣ್ಣ ಉದ್ಯಮಿಗೆ ಈ ವೃತ್ತಿ ಜೀವನದಿಂದ ದೊರೆಯುವ ತಿಳಿವಳಿಕೆಯನ್ನು ಸಂಗ್ರಹವಾಗಿ ಹೀಗೆ ಹೇಳಬಹುದು.

ಮೊದಲನೆಯದಾಗಿ, ವಾಸನ್ ಮಾರುವುದನ್ನು ಕಲಿತ ನಂತರ ತಯಾರಿಸುವುದಕ್ಕೆ ಇಳಿದರು. ಜಾಹೀರಾತು, ಅಂಚೆ ವ್ಯಾಪಾರ, ಪತ್ರಿಕೆ, ವಿತರಣೆ, ಕೊನೆಗೆ ಸ್ಟುಡಿಯೋ – ಇದು ಅವರು ಏರಿದ ಮೆಟ್ಟಿಲುಗಳ ಕ್ರಮ. ಯಂತ್ರ ಕೊಂಡು, ಸರಕು ತಯಾರಿಸಿ, ಅನಂತರ ಗಿರಾಕಿಯನ್ನು ಹುಡುಕುವ ತಯಾರಕರು ಈ ಕ್ರಮವನ್ನು ಪರಿಶೀಲಿಸಬೇಕು.

ಎರಡನೆಯದಾಗಿ, ವೆಚ್ಚ ಮತ್ತು ಮಾರುಕಟ್ಟೆಯ ಅಳತೆ ಒಂದಕ್ಕೊಂದು ಹೊಂದಬೇಕು. ಹೊಂದದಿದ್ದಾಗ ಒಂದೋ ವೆಚ್ಚವನ್ನು ತಗ್ಗಿಸಬೇಕು, ಇಲ್ಲವೇ ಮಾರುಕಟ್ಟೆಯನ್ನು ವಿಸ್ತರಿಸಬೇಕು. ವಾಸನ್ ಎರಡನೆಯದನ್ನು ಆರಿಸಿದರು, ಗೆದ್ದರು. ಆದರೆ ಅವರ ಬಳಿ ಪತ್ರಿಕೆಯ ಆದಾಯವಿತ್ತು, ಸಾಲ ಕೊಡುವವರ ವಿಶ್ವಾಸವಿತ್ತು, ಇಪ್ಪತ್ತು ವರ್ಷಗಳ ಪ್ರಚಾರದ ಅನುಭವವಿತ್ತು. ಇವಾವುವೂ ಇಲ್ಲದೆ ಕೇವಲ ಧೈರ್ಯವನ್ನು ಅನುಕರಿಸಿದವರು ಆಸ್ತಿ ಕಳೆದುಕೊಂಡ ನಿದರ್ಶನಗಳು ಚಿತ್ರರಂಗದಲ್ಲಿ ಸಾಕಷ್ಟಿವೆ.

ಮೂರನೆಯದಾಗಿ, ಒಳ್ಳೆಯ ಕಾಲದಲ್ಲಿ ಸಂಪತ್ತಾಗಿ ಕಾಣುವ ಸ್ಥಿರ ವ್ಯವಸ್ಥೆಯು ವ್ಯಾಪಾರದ ರೀತಿ ಬದಲಾದೊಡನೆ ಹೊರೆಯಾಗಬಹುದು. ಕಟ್ಟಡ, ಯಂತ್ರ, ಕಾಯಂ ಸಿಬ್ಬಂದಿ ಇವುಗಳಲ್ಲಿ ಎಷ್ಟನ್ನು ಸ್ವಂತಕ್ಕೆ ಇಟ್ಟುಕೊಳ್ಳಬೇಕು, ಎಷ್ಟನ್ನು ಹೊರಗಿನಿಂದ ಪಡೆಯಬೇಕು ಎಂಬ ಪ್ರಶ್ನೆಯನ್ನು ಲಾಭದ ವರ್ಷಗಳಲ್ಲಿಯೇ ಕೇಳಿಕೊಳ್ಳುವುದು ಕ್ಷೇಮ.

ಕೊನೆಯದು ಉತ್ತರಾಧಿಕಾರದ ವಿಷಯ. ಜೆಮಿನಿಯಲ್ಲಿ ಕತೆಯ ಆಯ್ಕೆಯಿಂದ ಭಿತ್ತಿಪತ್ರದ ಅಕ್ಷರದವರೆಗೆ ಎಲ್ಲವೂ ಒಡೆಯರ ಕಣ್ಣಳತೆಯಲ್ಲಿಯೇ ನಡೆಯುತ್ತಿತ್ತು. ಆ ಕಣ್ಣು ಮುಚ್ಚಿದಾಗ ಸ್ಟುಡಿಯೋಗೆ ದಿಕ್ಕು ತೋರುವ ಬೇರೆ ವ್ಯವಸ್ಥೆ ಇರಲಿಲ್ಲ. ಪತ್ರಿಕೆಯ ಸ್ಥಿತಿ ಬೇರೆ. ಅಲ್ಲಿ ಆರಂಭದಿಂದಲೇ ಸಂಪಾದಕರಿಗೆ ಹೊಣೆ ವಹಿಸಲಾಗಿತ್ತು. 1941ರಲ್ಲಿ ಕಲ್ಕಿಯವರು ಹೊರನಡೆದು ಸ್ವಂತ ಪತ್ರಿಕೆ ಆರಂಭಿಸಿದಾಗಲೂ ಇತರರು ಆ ಹೊಣೆ ಹೊತ್ತರು, ಪತ್ರಿಕೆ ನಿಲ್ಲಲಿಲ್ಲ. ಒಡೆಯನೊಬ್ಬನ ಪ್ರತಿಭೆಯ ಮೇಲೆ ನಿಂತ ಲಕ್ಷಾಂತರ ರೂಪಾಯಿಗಳ ಸ್ಟುಡಿಯೋ ನೆಲಸಮವಾಯಿತು. ಹಲವರ ಕೈ ಸೇರಿ ನಡೆದ 200 ರೂಪಾಯಿಗಳ ಹೆಸರು ಉಳಿಯಿತು.